ಬಿಸಿನೆಸ್ ಕೋಚಿಂಗ್: ಯಾವುದು ಹೌದು, ಯಾವುದು ಅಲ್ಲ

ದೊಡ್ಡ ಸಭಾಂಗಣ, ನೂರಾರು ಕುರ್ಚಿ, ಮೈಕ್ ಹಿಡಿದು ಎರಡು ದಿನ ಒಬ್ಬರೇ ಮಾತಾಡುವುದು. ಅದಕ್ಕೆ 'ಬಿಸಿನೆಸ್ ಕೋಚಿಂಗ್' ಅಂತ ಹೆಸರು. ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊ ಕೋರ್ಸಿಗೂ ಅದೇ ಹೆಸರು. ತೆರಿಗೆ ಸಲಹೆ, ಜಾಹೀರಾತು ಮಾಡಿಕೊಡುವುದು, ದಿನಾ ಬೆಳಗ್ಗೆ ವಾಟ್ಸ್‌ಆ್ಯಪ್‌ಗೆ ಹುರುಪಿನ ಮಾತು ಕಳಿಸುವುದು, ಎಲ್ಲವೂ ಕೋಚಿಂಗೇ. ಇವುಗಳಲ್ಲಿ ಕೆಲವು ಒಳ್ಳೆಯ ಕೆಲಸಗಳು. ಆದರೆ ಒಂದೂ ಕೋಚಿಂಗ್ ಅಲ್ಲ. ಹೇಳಿಕೊಡುವ ಬದಲು ಪ್ರಶ್ನೆ ಕೇಳಿ, ಮಾಲೀಕರೇ ತಮ್ಮ ದಾರಿ ಕಂಡುಕೊಂಡು ನಡೆಯುವಂತೆ ಮಾಡುವುದು ಕೋಚಿಂಗ್.

ಹೆಸರು ಏನಾದರೂ ಇರಲಿ, ಕೆಲಸ ಆದರೆ ಸಾಕಲ್ಲ ಅನ್ನುವವರಿದ್ದಾರೆ. ಕೆಲಸ ಆಗುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಸಣ್ಣ ವ್ಯಾಪಾರ ನಡೆಸುವವರ ಹತ್ತಿರ ದುಡ್ಡು ಕಡಿಮೆ, ಸಮಯ ಇನ್ನೂ ಕಡಿಮೆ. ಲೆಕ್ಕ ಬರೆಯಲು ಬಾರದವರು ಕೋಚ್ ಹತ್ತಿರ ಹೋಗಿ 'ನಿಮಗೇನನ್ನಿಸುತ್ತೆ?' ಅನ್ನುವ ಪ್ರಶ್ನೆ ಕೇಳಿಸಿಕೊಂಡು ಬರುತ್ತಾರೆ. ಲೆಕ್ಕ ಬಂದರೂ ಬರೆಯದವರು ಲೆಕ್ಕದ ಮೇಲೆ ಇನ್ನೊಂದು ಭಾಷಣ ಕೇಳಿ ಬರುತ್ತಾರೆ. ಇಬ್ಬರ ದುಡ್ಡೂ ಹೋಯಿತು, ಇಬ್ಬರ ಪುಸ್ತಕವೂ ಖಾಲಿ.

ಕನ್ನಡದಲ್ಲಿ ಈ ಗೊಂದಲಕ್ಕೆ ಕಾರಣ ಇದೆ. ಈ ಪದ ನಮ್ಮ ಕಿವಿಗೆ ಬಿದ್ದದ್ದು ಪರೀಕ್ಷೆಯ ದಾರಿಯಲ್ಲಿ. ಕೋಚಿಂಗ್ ಕ್ಲಾಸ್ ಅಂದರೆ ಮುಂದೊಬ್ಬರು ಹೇಳಬೇಕು, ಎದುರಿಗಿದ್ದವರು ಬರೆದುಕೊಳ್ಳಬೇಕು. ಹಾಗಾಗಿ ಬಿಸಿನೆಸ್ ಕೋಚಿಂಗ್ ಅಂದರೆ ವ್ಯಾಪಾರದ ಪಾಠ ಅಂತ ಅಂದುಕೊಂಡರೆ ಅದು ಕೇಳಿದವರ ತಪ್ಪಲ್ಲ. ನೋಡಿದರೆ ಇಂಗ್ಲಿಷಿನಲ್ಲೂ ಮನುಷ್ಯರಿಗೆ ಆ ಪದ ಮೊದಲು ಅಂಟಿಕೊಂಡದ್ದು ಪರೀಕ್ಷೆಯಿಂದಲೇ.

ಮೂಲ ಇನ್ನೂ ಹಿಂದಿದೆ. ಹಂಗೇರಿ ದೇಶದಲ್ಲಿ ಕೋಚ್ ಅಂತಲೇ ಒಂದು ಊರಿದೆ. 15ನೇ ಶತಮಾನದ ಹೊತ್ತಿಗೆ ಅಲ್ಲಿ ತಯಾರಾಗುತ್ತಿದ್ದ ಗಾಡಿಗಳು ಹೆಸರು ಮಾಡಿದ್ದವು. 'ಕೋಚಿ' ಅಂದರೆ 'ಕೋಚ್ ಊರಿನದು', ಅಷ್ಟೇ. ಊರಿನ ಹೆಸರು ಗಾಡಿಯ ಹೆಸರಾಯಿತು. ಜರ್ಮನ್ನರು ಅದನ್ನು ಕುಚ್ಚೆ ಅಂದರು, ಫ್ರೆಂಚರು ಕೋಶ್ ಅಂದರು, 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಕೋಚ್ ಬಂತು. ರೈಲಿನ ಬೋಗಿಯನ್ನು ನಾವು ಕೋಚ್ ಅನ್ನುವುದು ಈ ಅರ್ಥದಲ್ಲೇ. 1830ರ ದಶಕದಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ಪರೀಕ್ಷೆಗೆ ಸಿದ್ಧಮಾಡುವ ಖಾಸಗಿ ಮೇಷ್ಟ್ರುಗಳನ್ನು ಕೋಚ್ ಅನ್ನಲು ಶುರುಮಾಡಿದರು. ಪರೀಕ್ಷೆ ದಾಟಿಸುವ ಗಾಡಿ ಅನ್ನುವ ಹುಡುಗಾಟದ ಮಾತು ಅದು. ಅಲ್ಲಿಂದ ಸುಮಾರು 1860ರ ದಶಕದಲ್ಲಿ ಆಟದ ಮೈದಾನಕ್ಕೆ ಇಳಿಯಿತು.

ಕೋಚಿಂಗ್ ಜೊತೆ ಬೆರೆತುಹೋಗುವ 'ಟ್ರೈನಿಂಗ್' ಕೂಡ ಇದೇ ಜಾಡಿನ ಪದ. ಹಳೆಯ ಫ್ರೆಂಚಿನಲ್ಲಿ ಅದರ ಮೂಲಕ್ಕೆ ಎಳೆಯುವುದು ಅಂತ ಅರ್ಥ. ತನ್ನ ಅನುಭವದಿಂದ ದಾರಿ ತೋರಿಸುವ ಹಿರಿಯರಿಗೆ ಹೇಳುವ ಮೆಂಟರ್ ಮಾತ್ರ ಬೇರೆ ಮನೆತನದ್ದು. ಅದು ಗ್ರೀಕ್ ಕಥೆಯೊಂದರಲ್ಲಿ ಬರುವ ಹಿರಿಯನ ಹೆಸರು. ಯುದ್ಧಕ್ಕೆ ಹೊರಟ ಒಡಿಸ್ಸಿಯಸ್ ತನ್ನ ಮನೆಯನ್ನು ಅವನ ಕೈಗೆ ಒಪ್ಪಿಸಿ ಹೋಗುತ್ತಾನೆ.

ಗಾಡಿಯ ಕಥೆ ಹೇಳದ ಕೋಚ್‌ಗಳು ಕಡಿಮೆ. ಹೇಳಿ ಆದಮೇಲೆ 'ನಿಮ್ಮನ್ನು ಗುರಿಗೆ ತಲುಪಿಸುವ ಗಾಡಿ ನಾವೇ' ಅಂತ ಸೇರಿಸುತ್ತಾರೆ. ಇಲ್ಲಿ ನನಗೆ ಸಮಾಧಾನವಿಲ್ಲ. ಗಾಡಿಯಲ್ಲಿ ಕೂತವರು ಏನೂ ಮಾಡಬೇಕಾಗಿಲ್ಲ, ನಿದ್ದೆ ಹೋದರೂ ಊರು ಬರುತ್ತದೆ. ಕೋಚಿಂಗ್‌ನಲ್ಲಿ ಕೆಲಸವೆಲ್ಲ ಮಾಲೀಕರದು. ಪದದ ಹುಟ್ಟೂರು ಗೊತ್ತಿದ್ದ ಮಾತ್ರಕ್ಕೆ ಇವತ್ತಿನ ಅರ್ಥ ಸಿಕ್ಕಂತಲ್ಲ. ಇವತ್ತಿನ ಅರ್ಥಕ್ಕೆ ತೀರಾ ಈಚಿನ ಚರಿತ್ರೆ ಇದೆ, ಅದು ಟೆನಿಸ್ ಅಂಗಳದಲ್ಲಿದೆ.

1970ರ ದಶಕದ ಶುರುವಿನಲ್ಲಿ ಅಮೆರಿಕದ ಟೆನಿಸ್ ಕೋಚ್ ತಿಮೊತಿ ಗಾಲ್ವೆ ಒಂದು ಸಂಗತಿ ಗಮನಿಸಿದರು. ಮೊಣಕೈ ಹೀಗಿಡಿ, ಮಣಿಕಟ್ಟು ಹಾಗೆ ತಿರುಗಿಸಿ ಅಂತ ಹೇಳಿದಷ್ಟೂ ಆಡುವವರ ಆಟ ಬಿಗಿಯಾಗುತ್ತಿತ್ತು. ಹೇಳುವುದು ಬಿಟ್ಟು, ಚೆಂಡು ನೆಲಕ್ಕೆ ಬಡಿದಾಗ ಒಂದು ಮಾತು, ರ್‍ಯಾಕೆಟ್‌ಗೆ ತಾಗಿದಾಗ ಇನ್ನೊಂದು ಮಾತು ಬಾಯಿಬಿಟ್ಟು ಹೇಳಿ, ಅಷ್ಟೇ ಸಾಕು ಅಂದರು. ಗಮನ ಚೆಂಡಿನ ಮೇಲೆ ನಿಂತಿತು, ಹೊಡೆತ ತಾನಾಗಿ ಸರಿಹೋಯಿತು. ಹೇಳಿಕೊಡುವುದು ಕಡಿಮೆಯಾಗಿ ನೋಡುವಂತೆ ಮಾಡುವುದು ಜಾಸ್ತಿಯಾದ ಜಾಗ ಇದು. ರೇಸ್ ಕಾರು ಓಡಿಸುತ್ತಿದ್ದ ಬ್ರಿಟನ್ನಿನ ಜಾನ್ ವಿಟ್‌ಮೋರ್ ಮತ್ತು ಅವರ ಜೊತೆಯವರು ಈ ವಿಧಾನವನ್ನು ಕಂಪನಿಗಳಿಗೆ ತಂದರು. ಅವರಿಂದ ಹೆಸರಾದ 'ಗ್ರೋ' ಚೌಕಟ್ಟಿನಲ್ಲಿ ನಾಲ್ಕು ಪ್ರಶ್ನೆಗಳಿವೆ. ಏನು ಬೇಕು? ಈಗ ನಿಜವಾಗಿ ಹೇಗಿದೆ? ಯಾವ ದಾರಿಗಳಿವೆ? ಏನು ಮಾಡುತ್ತೀರಿ, ಯಾವತ್ತು? 1995ರಲ್ಲಿ ಕೋಚ್‌ಗಳದೇ ಅಂತರರಾಷ್ಟ್ರೀಯ ಒಕ್ಕೂಟವೊಂದು ಹುಟ್ಟಿತು, ಅದನ್ನು ಐಸಿಎಫ್ ಅನ್ನುತ್ತಾರೆ.

ಒಂದೇ ತೊಂದರೆಯನ್ನು ನಾಲ್ಕು ಜನರ ಮುಂದಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. 'ಗಿರಾಕಿಗಳು ಸರಿಯಾದ ಸಮಯಕ್ಕೆ ದುಡ್ಡು ಕೊಡುತ್ತಿಲ್ಲ' ಅನ್ನುವುದು ತೊಂದರೆ.

ಕನ್ಸಲ್ಟೆಂಟ್ ಬಾಕಿ ಪಟ್ಟಿ ತರಿಸಿಕೊಳ್ಳುತ್ತಾರೆ, ಬಿಲ್ಲಿನ ನಮೂನೆ ಬದಲಿಸುತ್ತಾರೆ, ಹದಿನೈದು ದಿನದ ಗಡುವು ಹಾಕಿ ಅಂತ ವರದಿ ಕೊಡುತ್ತಾರೆ. ಟ್ರೈನರ್ ಬಾಕಿ ವಸೂಲಿಯ ಬಗ್ಗೆ ತರಗತಿ ನಡೆಸುತ್ತಾರೆ. ಮೆಂಟರ್ ಅದೇ ಕಸುಬಿನಲ್ಲಿ ಪಳಗಿದ ಹಿರಿಯರು, 'ನನಗೂ ಹೀಗೇ ಆಗ್ತಿತ್ತು, ಅಡ್ವಾನ್ಸ್ ಇಲ್ಲದೆ ಕೆಲಸ ಹಿಡಿಯೋದನ್ನೇ ಬಿಟ್ಟೆ' ಅನ್ನುತ್ತಾರೆ.

ಕೋಚ್ ಕೇಳುತ್ತಾರೆ. ಒಟ್ಟು ಎಷ್ಟು ಬಾಕಿ? ಅಂದಾಜು ಬೇಡ, ಎಲ್ಲಿ ಬರೆದಿದ್ದೀರಿ? ಅತಿ ಹಳೆಯ ಬಾಕಿ ಯಾರದು? ಅವರಿಗೆ ಸರಕು ಹೋದದ್ದು ಯಾವತ್ತು, ಬಿಲ್ ಹೋದದ್ದು ಯಾವತ್ತು? ಮಾಲೀಕರು ಪುಸ್ತಕ ತೆಗೆದು ನೋಡುತ್ತಾರೆ. ಸರಕು ಹೋಗಿ ಮೂರು ವಾರ ಆದಮೇಲೆ ಬಿಲ್ ಹೋಗಿದೆ. ಯಾಕೆ? ಸಂಜೆ ಬಿಲ್ ಬರೆಯಲು ಬೇಜಾರು. ಫೋನ್ ಮಾಡಿ ಕೇಳಲು ಸಂಕೋಚ. ಗಿರಾಕಿಗಳ ಬಗ್ಗೆ ಶುರುವಾದ ದೂರು ಮಾಲೀಕರ ಸಂಜೆಯ ಒಂದು ಅಭ್ಯಾಸಕ್ಕೆ ಬಂದು ನಿಂತಿತು. 'ಮುಂದಿನ ಬಾರಿ ನಾವು ಸೇರುವ ಹೊತ್ತಿಗೆ ಏನು ಬದಲಾಗಿರುತ್ತದೆ?' ಅನ್ನುವುದು ಕೋಚ್‌ನ ಕೊನೆಯ ಪ್ರಶ್ನೆ. ಸರಕು ಹೊರಟ ದಿನವೇ ಬಿಲ್ ಕಳಿಸುತ್ತೇನೆ ಅಂತ ಮಾಲೀಕರು ತಾವೇ ಬರೆದುಕೊಳ್ಳುತ್ತಾರೆ. ಮುಂದಿನ ಬಾರಿ ಕೋಚ್ ಅದನ್ನು ಮರೆಯದೆ ಕೇಳುತ್ತಾರೆ. ಈ ಕೊನೆಯ ಭಾಗ ಇಲ್ಲದಿದ್ದರೆ ಅದು ಸುಮ್ನೆ ಹರಟೆ.

ನಾಲ್ವರೂ ಬೇಕಾದವರೇ, ಯಾವಾಗ ಯಾರು ಅನ್ನುವುದೇ ಮುಖ್ಯ. ಕಾನೂನು, ತೆರಿಗೆ, ನೋಂದಣಿಯ ಪ್ರಶ್ನೆಗೆ ಉತ್ತರ ಮಾಲೀಕರ ಒಳಗೆಲ್ಲೂ ಇಲ್ಲ, ಎಷ್ಟು ಕೆದಕಿದರೂ ಸಿಗುವುದಿಲ್ಲ. ಅದಕ್ಕೆ ಆಡಿಟರ್ ಬೇಕು. ಗೊತ್ತಿಲ್ಲದ್ದಕ್ಕೆ ಪಾಠ, ಗೊತ್ತಿದ್ದೂ ಆಗದಿರುವುದಕ್ಕೆ ಕೋಚಿಂಗ್.

ಇನ್ನು, ಕೋಚಿಂಗ್‌ನಿಂದ ಬೆಳೆಯಬೇಕಾದ 'ವೃತ್ತಿಪರ ಅಭ್ಯಾಸ'. ಈ ಮಾತೂ ಕೆಟ್ಟಿದೆ. ಪ್ರೊಫೆಷನಲ್ ಆಗಿ ಅಂದರೆ ಕೋಟು, ವಿಸಿಟಿಂಗ್ ಕಾರ್ಡ್, ನಾಲ್ಕು ಇಂಗ್ಲಿಷ್ ಮಾತು ಅಂತ ತಿಳಿದವರು ಬಹಳ. ಆ ಪದದ ಲ್ಯಾಟಿನ್ ಮೂಲಕ್ಕೆ ಎಲ್ಲರೆದುರು ಹೇಳಿಕೊಳ್ಳುವುದು ಅಂತ ಅರ್ಥ. ಹೇಳಿದ್ದನ್ನು ಹೇಳಿದ ದಿನ ಮಾಡಿದರೆ ಅದೇ ವೃತ್ತಿಪರತೆ. ಕೊಟೇಶನ್ ಬರವಣಿಗೆಯಲ್ಲಿ ಕೊಡುವುದು, ತಡವಾಗುತ್ತದೆ ಅಂತಾದರೆ ಗಿರಾಕಿ ಕೇಳುವ ಮೊದಲೇ ತಿಳಿಸುವುದು, ವಾರಕ್ಕೊಮ್ಮೆ ಕೂತು ಬಂದದ್ದು ಹೋದದ್ದು ನೋಡುವುದು, ಸ್ಟಾಕ್ ಎಣಿಸುವುದು. ನೋಡಲು ಇವು ಚಿಕ್ಕವು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಮೆಕೆಂಜಿ ಮತ್ತು ಕ್ರಿಸ್ಟೋಫರ್ ವುಡ್ರಫ್ ಏಳು ದೇಶಗಳ ಸಣ್ಣ ವ್ಯಾಪಾರಗಳಲ್ಲಿ ಇಂಥ 26 ರೂಢಿಗಳನ್ನು ಅಳೆದು ನೋಡಿದರು. ಮಾರ್ಕೆಟಿಂಗ್, ಸ್ಟಾಕ್, ಲೆಕ್ಕ, ಹಣದ ಯೋಜನೆ, ಹೀಗೆ. ಇವು ಜಾಸ್ತಿ ಇದ್ದ ಕಡೆ ಮಾರಾಟವೂ ಲಾಭವೂ ಜಾಸ್ತಿ ಇದ್ದವು.

ಇವುಗಳಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಆರಿಸುವುದು ಮನೆ ದುಡ್ಡು, ವ್ಯಾಪಾರದ ದುಡ್ಡು ಬೇರೆ ಇಡುವುದನ್ನು. ಗಲ್ಲಾ ಪೆಟ್ಟಿಗೆಯಿಂದ ಬೇಕಾದಾಗ ತೆಗೆದುಕೊಂಡರೆ ವ್ಯಾಪಾರ ನಡೆಯುತ್ತಿದೆಯೋ ಮುಳುಗುತ್ತಿದೆಯೋ ಗೊತ್ತಾಗುವುದಿಲ್ಲ. ಮಾರಾಟ ಚೆನ್ನಾಗಿದ್ದ ತಿಂಗಳೇ ಕೈ ಖಾಲಿಯಾಗಿರುತ್ತದೆ, ಯಾಕೆ ಅಂತ ತಿಳಿಯದು. ಮಾಲೀಕರು ತಮಗೆ ತಾವೇ ಒಂದು ಸಂಬಳ ಗೊತ್ತುಮಾಡಿಕೊಂಡು, ಅದಕ್ಕಿಂತ ಒಂದು ಪೈಸೆ ಜಾಸ್ತಿ ಮುಟ್ಟದಿದ್ದರೆ ಮೊದಲ ಬಾರಿಗೆ ನಿಜವಾದ ಲಾಭ ಕಣ್ಣಿಗೆ ಕಾಣುತ್ತದೆ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನೇ ನೋಡಿತು. ಸಣ್ಣ ಸಾಲ ಪಡೆದ ವ್ಯಾಪಾರಿಗಳಲ್ಲಿ ಕೆಲವರಿಗೆ ಅಕೌಂಟಿಂಗ್ ಕ್ರಮವಾಗಿ ಕಲಿಸಿದರು, ಕೆಲವರಿಗೆ ಮನೆ ದುಡ್ಡು ಬೇರೆ ಇಡಿ ಅನ್ನುವಂಥ ಸರಳ ನಿಯಮಗಳನ್ನಷ್ಟೇ ಹೇಳಿದರು. ಲೆಕ್ಕ ಇಡುವ ರೀತಿ ಸುಧಾರಿಸಿದ್ದು ಸರಳ ನಿಯಮದವರಲ್ಲಿ.

ಪಾಠಕ್ಕೂ ಜೊತೆಗಾರಿಕೆಗೂ ಇರುವ ಅಂತರ ಕೆನ್ಯಾದ ಒಂದು ಅಧ್ಯಯನದಲ್ಲಿ ಕಂಡಿತು. ನೈರೋಬಿಯ ದಂಡೋರಾ ಪ್ರದೇಶದಲ್ಲಿ ಹೊಸದಾಗಿ ವ್ಯಾಪಾರ ಶುರುಮಾಡಿದ ಹೆಂಗಸರಲ್ಲಿ ಕೆಲವರಿಗೆ ತರಗತಿ, ಕೆಲವರಿಗೆ ಅದೇ ಪ್ರದೇಶದ ಅನುಭವಿ ವ್ಯಾಪಾರಿಯ ಜೊತೆ. ತರಗತಿಯಿಂದ ಲಾಭ ಹೆಚ್ಚಲಿಲ್ಲ. ಜೊತೆ ಸಿಕ್ಕವರ ಲಾಭ ಸುಮಾರು 20 ಶೇಕಡಾ ಹೆಚ್ಚಿತು. ಆದರೆ ಭೇಟಿಗಳು ನಿಂತಮೇಲೆ ಆ ಹೆಚ್ಚಳವೂ ಕರಗಿತು. ಇದು ಮೆಂಟರಿಂಗ್, ಕೋಚಿಂಗ್ ಅಲ್ಲ. ಇದನ್ನು ತೋರಿಸಿ ಕೋಚಿಂಗ್ ಮಾರುವುದು ಸರಿಯಲ್ಲ. ಆದರೂ ಕೊನೆಯ ಭಾಗವನ್ನು ಕೋಚ್‌ಗಳು ಓದಬೇಕು. ಹೊರಗಿನವರ ಬುದ್ಧಿ ಅಭ್ಯಾಸವಾಗಿ ಒಳಗೆ ಇಳಿಯದಿದ್ದರೆ ಅವರು ಹೋದಾಗ ಅದೂ ಹೋಗುತ್ತದೆ.

ಹಾಗಾದರೆ ಇಳಿಯಲು ಎಷ್ಟು ದಿನ? '21 ದಿನದಲ್ಲಿ ಅಭ್ಯಾಸ' ಅನ್ನುವ ಮಾತು ಎಲ್ಲ ಪೋಸ್ಟರ್‌ಗಳಲ್ಲೂ ಇರುತ್ತದೆ, ಅಲ್ವಾ? ಅದರ ಬೇರು ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಮಾತಿನಲ್ಲಿದೆ. ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂದಿದ್ದರು ಅವರು. 'ಕಡಿಮೆ ಅಂದರೂ' ಅನ್ನುವುದು ಉದುರಿಹೋಯಿತು, ಮುಖದ ಮಾತು ವ್ಯಾಪಾರಕ್ಕೆ ಬಂತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ಸಾಮಾನ್ಯವಾಗಿ 66 ದಿನ ಹಿಡಿಯಿತು. ವ್ಯತ್ಯಾಸ ಮಾತ್ರ 18 ದಿನದಿಂದ 254 ದಿನದವರೆಗೆ. ಒಂದು ದಿನ ತಪ್ಪಿದರೆ ಎಲ್ಲ ಹಾಳಾಗಲಿಲ್ಲ. ಎರಡು ದಿನದ ಕಾರ್ಯಾಗಾರವನ್ನು ಕೋಚಿಂಗ್ ಅನ್ನಲು ನಾನು ಒಪ್ಪದಿರುವುದು ಇದಕ್ಕೇ. ಎರಡು ದಿನದಲ್ಲಿ ಹುರುಪು ಬರಬಹುದು. ಸಂಜೆ ಬಿಲ್ ಬರೆಯುವ ರೂಢಿ ಬರುವುದಿಲ್ಲ.

'ತೊಂಬತ್ತು ದಿನದಲ್ಲಿ ವ್ಯಾಪಾರ ದುಪ್ಪಟ್ಟು' ಅಂತ ಭರವಸೆ ಕೊಡುವವರನ್ನು ದೂರವಿಡಿ. ಕೆಲಸ ಮಾಲೀಕರದು ಅಂದಮೇಲೆ ಫಲಕ್ಕೆ ಕೋಚ್ ಹೇಗೆ ಖಾತರಿ ಕೊಡುತ್ತಾರೆ? ಕೋಚ್ ಅಂತ ಬೋರ್ಡ್ ಹಾಕಲು ಹೆಚ್ಚಿನ ಕಡೆ ಯಾವ ಲೈಸೆನ್ಸೂ ಬೇಕಿಲ್ಲ. ಐಸಿಎಫ್ ಕೊಡುವ ಮೂರು ಹಂತದ ಮಾನ್ಯತೆಗೆ ಕ್ರಮವಾಗಿ 100, 500, 2500 ಗಂಟೆಗಳ ಕೋಚಿಂಗ್ ಅನುಭವ ಕೇಳುತ್ತಾರೆ. ಮಾನ್ಯತೆ ಇದ್ದವರೆಲ್ಲ ಒಳ್ಳೆಯವರು ಅಂತ ಹೇಳಲಾಗದು, ಆದರೂ ಕೇಳಿ ತಿಳಿದುಕೊಳ್ಳಬೇಕು.

ಮೊದಲ ಭೇಟಿಯಲ್ಲಿ ಯಾರು ಜಾಸ್ತಿ ಮಾತಾಡಿದರು ಅಂತ ಗಮನಿಸಿ. ಅವರೇ ಮಾತಾಡಿದ್ದರೆ ನಿಮಗೆ ಸಿಕ್ಕಿರುವುದು ಸಲಹೆಗಾರರು ಅಥವಾ ಭಾಷಣಕಾರರು. ಎಷ್ಟು ಭೇಟಿ, ನಡುವೆ ಯಾರು ಏನು ಮಾಡಬೇಕು, ಗುಟ್ಟು ಹೇಗೆ ಕಾಪಾಡುತ್ತಾರೆ, ಯಾವಾಗ ಮುಗಿಯುತ್ತದೆ, ಎಲ್ಲ ಬರವಣಿಗೆಯಲ್ಲಿರಲಿ. ಆರು ತಿಂಗಳಿಗೆ ಒಪ್ಪಿಕೊಂಡರೆ ಮೂರನೇ ತಿಂಗಳಲ್ಲಿ ನಿಲ್ಲಿಸುವ ಅವಕಾಶವನ್ನೂ ಬರೆಸಿಕೊಳ್ಳಿ. ಆ ಹೊತ್ತಿಗೆ ಕೋಚ್ ನೆನಪಿಸದೆ ನೀವಾಗಿ ನಡೆಸುತ್ತಿರುವ ಹೊಸ ರೂಢಿ ಒಂದಾದರೂ ಇದ್ದರೆ ಮುಂದುವರಿಸಿ. ಇಲ್ಲದಿದ್ದರೆ ಆ ಅವಕಾಶ ಬಳಸಿಕೊಂಡು ನಿಲ್ಲಿಸಿ.