ಐಹೊಳೆಯ ವರ್ತಕರಿಂದ ಇಳಕಲ್ಲಿನ ಮಗ್ಗದವರೆಗೆ: ಉದ್ಯಮಿಯ ಚರಿತ್ರೆ ಬರೆದವರು

ಬಾಗಲಕೋಟೆ ಜಿಲ್ಲೆಯ ಐಹೊಳೆಗೆ ಹೋದವರು ದುರ್ಗದ ಗುಡಿ ನೋಡಿ ಬರುತ್ತಾರೆ. ಮಧ್ಯಯುಗದ ದಕ್ಷಿಣ ಭಾರತದ ಬಹುದೊಡ್ಡ ವರ್ತಕ ಸಂಘಕ್ಕೆ ಹೆಸರು ಬಂದದ್ದೂ ಇದೇ ಊರಿನಿಂದ. ‘ಅಯ್ಯಾವೊಳೆ ಐನೂರ್ವರ’ ಹೆಸರು ದಕ್ಷಿಣದ ಶಾಸನಗಳಲ್ಲಷ್ಟೇ ಅಲ್ಲ, ಸುಮಾತ್ರದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಇದೆ. ಇಂಥ ವರ್ತಕರು ಯಾರು ಎಂಬ ಪ್ರಶ್ನೆಗೆ ಮಾತ್ರ ಪ್ರತಿ ಕಾಲವೂ ತನಗೆ ಬೇಕಾದ ಉತ್ತರವನ್ನೇ ಹುಡುಕಿತು.

1884ರಲ್ಲಿ ಪ್ರಕಟವಾದ ಬೆಳಗಾವಿ ಮತ್ತು ವಿಜಯಪುರದ ಬಾಂಬೆ ಗ್ಯಾಜೆಟಿಯರ್‌ಗಳು, ಅಂದರೆ ಬ್ರಿಟಿಷ್ ಸರ್ಕಾರದ ಜಿಲ್ಲಾ ಮಾಹಿತಿ ಗ್ರಂಥಗಳು, ಸಾಹುಕಾರರನ್ನೂ ನೇಕಾರರನ್ನೂ ಜಾತಿವಾರು ದಾಖಲಿಸಿದವು. ಕಂದಾಯ ವಸೂಲಿ ಮಾಡುವ ಸರ್ಕಾರಕ್ಕೆ ಅಷ್ಟು ಸಾಕಿತ್ತು. ರಾಷ್ಟ್ರೀಯ ಚಳವಳಿಯ ಕಾಲದ ವಿದ್ವಾಂಸರಿಗೆ ಬೇಕಿದ್ದುದು ಬೇರೆ. ಆರ್.ಸಿ. ಮಜುಂದಾರ್ 1918ರಲ್ಲಿ ಪ್ರಾಚೀನ ಶ್ರೇಣಿಗಳಲ್ಲಿ, ಅಂದರೆ ವರ್ತಕ ಮತ್ತು ಕಸುಬುದಾರರ ಸಂಘಗಳಲ್ಲಿ, ಸ್ವಯಮಾಡಳಿತದ ಪರಂಪರೆಯನ್ನು ಕಂಡರು. ನೀಲಕಂಠ ಶಾಸ್ತ್ರಿಗಳು 1932ರಲ್ಲಿ ಸುಮಾತ್ರದ ಶಾಸನವನ್ನು ವಿವರಿಸಿದರು. ನಮ್ಮವರೂ ಕಡಲು ದಾಟಿದ್ದರು ಎನ್ನುವ ಹೆಮ್ಮೆಗೆ ಇದು ಪುಷ್ಟಿಯಾಯಿತು.

1956ರ ರಾಜ್ಯ ಪುನರ್ವಿಂಗಡಣೆಯ ನಂತರ ರಾಜ್ಯದ ಗಡಿಯೇ ಚರಿತ್ರೆಯ ಗಡಿಯಾಯಿತು ಎನ್ನಬಹುದು. ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರನ್ನೇ ನೋಡಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಮುಂದೆ ಇಲ್ಲಿಯೇ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷವೇರುತ್ತದೆ ಎಂದು ರೈತರು ಹಿಂಜರಿದರಂತೆ. ಅಂಗಡಿಯ ಜಾಗ ತೆರವು ಮಾಡಬೇಕಾಗಿ ಬಂದು, 1910ರಲ್ಲಿ ಔಂಧ್ ಸಂಸ್ಥಾನಕ್ಕೆ ಹೋದರು. ಆ ನೆಲ ಈಗ ಮಹಾರಾಷ್ಟ್ರದಲ್ಲಿದೆ. ಹಾಗಾಗಿ ಬೆಳಗಾವಿಯ ಇಪ್ಪತ್ತೆರಡು ವರ್ಷ ಕನ್ನಡದ ಬರವಣಿಗೆಯಲ್ಲಿ ಅಡಿಟಿಪ್ಪಣಿಯಂತೆ ಉಳಿದಿದೆ ಎಂದೇ ನನ್ನ ದೂರು. 1885ರ ಗೋಕಾಕ ಗಿರಣಿಯ ಮಾತು ಬಂದಾಗಲೂ ಬಂಡವಾಳದವರ ಹೆಸರೇ ಮುಂದೆ.

ಇತ್ತೀಚೆಗೆ ನೋಟ ಸಣ್ಣ ಊರುಗಳ ಕಡೆ ತಿರುಗಿದೆ. ಇತಿಹಾಸಕಾರ ಡಗ್ಲಸ್ ಹೇನ್ಸ್ 2012ರ ಪುಸ್ತಕದಲ್ಲಿ, ಕೈಕಸುಬಿನವರೂ ಸಣ್ಣ ವ್ಯಾಪಾರಿಗಳೂ ಬಾಂಬೆ ಪ್ರಾಂತ್ಯದ ಬಂಡವಾಳಶಾಹಿಯನ್ನು ಕಟ್ಟಿದ ಬಗೆಯನ್ನು ತೋರಿಸಿದರು. ಆ ಪ್ರಶ್ನೆಯನ್ನು ಇಳಕಲ್ಲಿಗೆ ತಂದರೆ ರಂಗೇರುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ (ಉದ್ದನೆಯ ಎಳೆಗಳು) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಮಗ್ಗಕ್ಕೇರುವ ಮುಂಚಿನ ಕೆಲಸ ಬಹುಪಾಲು ಮನೆಯ ಹೆಂಗಸರದು. ಉದ್ಯಮಿ ಯಾರು? ನೂಲು ಕಡ ಕೊಟ್ಟ ಸಾಹುಕಾರನೇ, ಮಗ್ಗದ ಯಜಮಾನನೇ, ಲೆಕ್ಕಕ್ಕೇ ಬಾರದೆ ದುಡಿದವಳೇ? ಗ್ಯಾಜೆಟಿಯರ್ ಇದನ್ನು ಹೇಳುವುದಿಲ್ಲ. ಇಳಕಲ್, ಗುಳೇದಗುಡ್ಡದ ಹಳೆಯ ಮನೆಗಳ ಕಿರ್ದಿ ಖಾತೆಗಳನ್ನು ಬಿಚ್ಚಿ, ಆ ಮನೆಗಳ ಅಜ್ಜಿಯರನ್ನು ಕೂರಿಸಿಕೊಂಡು ಕೇಳಬೇಕು.