ಇನ್ವರ್ಟರ್ ಇರುವ ಮನೆಯಲ್ಲಿ ಕರೆಂಟ್ ಹೋದದ್ದು ಪೈಗೆ ಗೊತ್ತಾಗುವುದು ಹೇಗೆ?

ಕರೆಂಟ್ ಹೋದರೆ ನಮಗೆ ತಕ್ಷಣ ಗೊತ್ತಾಗುತ್ತದೆ. ಫ್ರಿಜ್ಜಿನ ಗುಂಯ್ ಸದ್ದು ನಿಲ್ಲುತ್ತದೆ, ಇನ್ವರ್ಟರ್ 'ಟಕ್' ಅನ್ನುತ್ತದೆ. ಆದರೆ ಲೈಟು, ಫ್ಯಾನು, ಸಂಪಿನ ಮೋಟರ್ ಎಲ್ಲವನ್ನೂ ನೋಡಿಕೊಳ್ಳಲಿ ಅಂತ ಇಟ್ಟಿರುವ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಅದು ಇನ್ವರ್ಟರ್ ಲೈನಿನಲ್ಲೇ ಕೂತಿದೆ, ಅಲ್ವಾ? ನಮ್ಮ 50 ಹರ್ಟ್ಸ್ ಸಪ್ಲೈಯಲ್ಲಿ ಒಂದು ಅಲೆಗೆ 20 ಮಿಲಿಸೆಕೆಂಡ್. ಇನ್ವರ್ಟರ್ ಬೇಗ ಬದಲಾಗುವ ಯುಪಿಎಸ್ ಮೋಡ್‌ನಲ್ಲಿದ್ದರೆ ಹೆಚ್ಚುಕಡಿಮೆ ಅಷ್ಟರೊಳಗೆ ಬ್ಯಾಟರಿಗೆ ಬದಲಾಗಿಬಿಡುತ್ತದೆ, ಆ ಸಣ್ಣ ಸಂದನ್ನು ಅಡಾಪ್ಟರ್ ಒಳಗೆ ಚಾರ್ಜು ಹಿಡಿದಿಟ್ಟುಕೊಂಡಿರುವ ಕೆಪಾಸಿಟರ್ ತುಂಬಿಕೊಡುತ್ತದೆ. ಬ್ಯಾಕಪ್ ಚೆನ್ನಾಗಿದ್ದಷ್ಟೂ ಸಿಸ್ಟಮ್ ಕುರುಡು.

ಹಾಗಾಗಿ ಬ್ಯಾಕಪ್ ಇಲ್ಲದ ಲೈನಿನಲ್ಲಿ ಒಂದು ಸಾಕ್ಷಿ ಬೇಕು. ಮನೆಯಲ್ಲಿ ಸುಮ್ನೆ ಬಿದ್ದಿರುವ ಮೊಬೈಲ್ ಚಾರ್ಜರ್ ಸಾಕು (ಒಳ್ಳೆಯದೇ ಇರಲಿ, ಫುಟ್‌ಪಾತ್ ಚಾರ್ಜರ್‌ನ ಇನ್ಸುಲೇಷನ್ ನಂಬಿ 230 ವೋಲ್ಟಿನ ಪಕ್ಕ ತಂತಿ ಎಳೆಯಬೇಡಿ). ಅದನ್ನು ಇನ್ವರ್ಟರ್‌ಗೆ ಸೇರದ ಸಾಕೆಟ್‌ಗೆ ಹಾಕಿ. ಇನ್ವರ್ಟರ್ ಕಡೆಯಿಂದ ಓಡುವ ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಟ್ರೋಲರ್) ಆ ಚಾರ್ಜರನ್ನು ನೋಡುತ್ತಿರಲಿ, ಕಂಡದ್ದನ್ನು ವೈಫೈ ಮೂಲಕ ಪೈಗೆ ಹೇಳಲಿ. ಚಾರ್ಜರ್ ಕೊಡುವುದು 5 ವೋಲ್ಟ್, ಬೋರ್ಡಿನ ಪಿನ್‌ಗೆ ಬೇಕಾದದ್ದು 3.3, ನೇರ ಕೊಟ್ಟರೆ ಪಿನ್ ಸುಟ್ಟುಹೋಗಬಹುದು. ಅದಕ್ಕೇ 10 ಕಿಲೋಓಮ್, 20 ಕಿಲೋಓಮ್‌ನ ಎರಡು ರೆಸಿಸ್ಟರನ್ನು ಒಂದರ ಹಿಂದೆ ಒಂದು ಹಾಕಿ, ಅವೆರಡೂ ಸೇರುವ ಜಾಗದಿಂದ ಪಿನ್‌ಗೆ ತಂತಿ ತೆಗೆಯುತ್ತಾರೆ. 20 ಕಿಲೋಓಮ್ ಗ್ರೌಂಡ್ (5 ವೋಲ್ಟಿನ ಮೈನಸ್, ಸಾಕೆಟ್ಟಿನ ಅರ್ತ್ ಅಲ್ಲ) ಕಡೆಗಿರಬೇಕು, ಚಾರ್ಜರ್ ಮತ್ತು ಬೋರ್ಡಿನ ಗ್ರೌಂಡ್ ಒಂದಕ್ಕೊಂದು ಸೇರಿರಬೇಕು. ಕರೆಂಟ್ ಇದ್ದರೆ ಪಿನ್‌ನಲ್ಲಿ 3.3 ವೋಲ್ಟ್, ಹೋದರೆ ಸೊನ್ನೆ.

ಸೊನ್ನೆ ತಕ್ಷಣ ಬರುವುದಿಲ್ಲ, ಇದೇ ಮಜಾ. ಚಾರ್ಜರ್ ಕಿತ್ತು ನೋಡಿ, ಅದರ ಎಲ್‌ಇಡಿ ಒಮ್ಮೆಲೇ ಆರದೆ ನಿಧಾನಕ್ಕೆ ಮಂಕಾಗುತ್ತದೆ. ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜು ಅದು. ನಮ್ಮ ರೆಸಿಸ್ಟರ್‌ಗಳು ಎಳೆಯುವ ಕರೆಂಟ್ ತೀರಾ ಕಡಿಮೆ, ಖಾಲಿಯಾಗಲು ಕೆಲವು ಸೆಕೆಂಡ್ ಬೇಕು. ಚಾರ್ಜರ್‌ನ 5 ವೋಲ್ಟಿಗೆ ಅಡ್ಡಲಾಗಿ ಒಂದು 220 ಓಮ್ ರೆಸಿಸ್ಟರ್ ಹಾಕಿದರೆ ಬೇಗ ಖಾಲಿಯಾಗುತ್ತದೆ. ಹಾಕದಿದ್ದರೂ ನಷ್ಟವಿಲ್ಲ ಅಂತ ನನ್ನ ಲೆಕ್ಕ, ಏಕೆಂದರೆ ಕಣ್ಣು ಮಿಟುಕಿಸಿದ ಹಾಗೆ ಹೋಗಿ ಬರುವ ಕರೆಂಟಿಗೆಲ್ಲ ಫೋನಿಗೆ ಮೆಸೇಜ್ ಬರುತ್ತಿದ್ದರೆ ಎರಡೇ ದಿನಕ್ಕೆ ನೀವು ಅದನ್ನು ಮ್ಯೂಟ್ ಮಾಡುತ್ತೀರಿ. ಪಿನ್ ಮೂವತ್ತು ಸೆಕೆಂಡ್ ಸೊನ್ನೆಯಲ್ಲೇ ಇದ್ದರೆ ಮಾತ್ರ 'ಕರೆಂಟ್ ಹೋಯ್ತು' ಅನ್ನಲಿ.

ಸೋಮಾರಿಗಳ ದಾರಿ ಇನ್ನೊಂದಿದೆ. ಬ್ಯಾಕಪ್ ಇಲ್ಲದ ಸಾಕೆಟ್‌ನಲ್ಲಿ ಒಂದು ಸ್ಮಾರ್ಟ್ ಪ್ಲಗ್ ಇಡುವುದು, ಅದು ಮಾಯವಾದರೆ ಕರೆಂಟ್ ಹೋಗಿದೆ ಅಂದುಕೊಳ್ಳುವುದು. ವೈಫೈ ಕೈಕೊಟ್ಟಾಗಲೂ ಪ್ಲಗ್ ಹಾಗೇ ಮಾಯವಾಗುತ್ತದೆ. ನನಗಂತೂ ಇದರ ಮೇಲೆ ನಂಬಿಕೆಯಿಲ್ಲ. ಯುಎಸ್‌ಬಿ ಇರುವ ಯುಪಿಎಸ್ ಇದ್ದರೆ ಈ ತಲೆನೋವೇ ಬೇಡ. 'ನೆಟ್‌ವರ್ಕ್ ಯುಪಿಎಸ್ ಟೂಲ್ಸ್' ಅನ್ನುವ ಉಚಿತ ಸಾಫ್ಟ್‌ವೇರ್, ಯುಪಿಎಸ್ ಲೈನಿನಲ್ಲಿದೆಯೋ, ಬ್ಯಾಟರಿಯಲ್ಲಿದೆಯೋ, ಬ್ಯಾಟರಿ ಮುಗಿಯುತ್ತಾ ಬಂತೋ ಅಂತ ಯುಪಿಎಸ್‌ನಿಂದಲೇ ಕೇಳಿ ತಿಳಿಸುತ್ತದೆ. ಮುಗಿಯುತ್ತಾ ಬಂದಾಗ ಪೈ ತಾನಾಗಿಯೇ ಶಟ್‌ಡೌನ್ ಆದರೆ ಎಸ್‌ಡಿ ಕಾರ್ಡ್ ಉಳಿಯುತ್ತದೆ.

ಚಾರ್ಜರ್ ಹಾಕಿದ ಸಾಕೆಟ್ಟಿನ ಎಂಸಿಬಿ ಟ್ರಿಪ್ ಆದರೂ ಸಿಸ್ಟಮ್ 'ಕರೆಂಟ್ ಹೋಯ್ತು' ಅಂತಲೇ ಹೇಳುತ್ತದೆ. ಮೂರು ಫೇಸ್ ಇರುವ ಮನೆಯಲ್ಲಿ ಒಂದೇ ಫೇಸ್ ಹೋದರೆ, ಚಾರ್ಜರ್ ಯಾವ ಫೇಸ್‌ನಲ್ಲಿದೆ ಅನ್ನುವುದರ ಮೇಲೆ ಉತ್ತರ. ಅಲ್ಲಿ ಫೇಸಿಗೊಂದು ಚಾರ್ಜರ್ ಬೇಕು.

ಕರೆಂಟ್ ವಾಪಸ್ ಬಂದಾಗ ಎಸಿಯನ್ನು ತಕ್ಷಣ ಆನ್ ಮಾಡಬೇಡಿ. ಕಂಪ್ರೆಸರ್ ಒಳಗಿನ ಒತ್ತಡ ಸಮವಾಗಲಿ, ಮೂರ್ನಾಲ್ಕು ನಿಮಿಷ ಬಿಡಿ. ಸ್ಮಾರ್ಟ್ ಬಲ್ಬ್‌ಗಳಲ್ಲಿ 'ಕರೆಂಟ್ ಬಂದಾಗ ಹಿಂದಿನ ಸ್ಥಿತಿಗೆ' ಅನ್ನುವ ಸೆಟ್ಟಿಂಗ್ ಇದ್ದರೆ ಅದನ್ನು ಆರಿಸಿಕೊಳ್ಳಿ, ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಮನೆಯೆಲ್ಲ ಜಗಮಗ.

ರೂಟರ್ ಮತ್ತು ಫೈಬರ್ ಡಬ್ಬಿ ಎರಡಕ್ಕೂ ಬ್ಯಾಕಪ್ ಇರಲೇಬೇಕು. ಯಾವುದೊಂದು ಆರಿದರೂ ಮೆಸೇಜ್ ಮನೆ ದಾಟುವುದಿಲ್ಲ. ಬ್ಯಾಟರಿಯೂ ಪೂರ್ತಿ ಮುಗಿದರೆ? ಆಗ ಹೊರಗಿನವರು ಹೇಳಬೇಕು. ಮನೆಯಿಂದ ಐದು ನಿಮಿಷಕ್ಕೊಮ್ಮೆ ದೂರದ ಒಂದು ಸರ್ವರ್‌ಗೆ 'ನಾನಿದ್ದೇನೆ' ಅನ್ನುವ ಸಣ್ಣ ಸಂಕೇತ, ಅಂದರೆ ಪಿಂಗ್, ಹೋಗುತ್ತಿರಲಿ. ಅದು ನಿಂತರೆ ಸರ್ವರ್ ನಿಮಗೆ ಮೆಸೇಜ್ ಕಳಿಸುತ್ತದೆ. ಕೆಟ್ಟದ್ದು ಕರೆಂಟೋ ಇಂಟರ್ನೆಟ್ಟೋ ಅಂತ ಅದಕ್ಕೆ ತಿಳಿಯದು, ಆದರೆ ಅದಕ್ಕಿಂತ ಮುಂಚೆ ಪೈ ಕಳಿಸಿದ 'ಕರೆಂಟ್ ಹೋಯ್ತು' ಫೋನಿನಲ್ಲಿ ಇದೆಯೋ ಇಲ್ಲವೋ ನೋಡಿದರೆ ನಿಮಗೆ ತಿಳಿಯುತ್ತದೆ.