ಜಂತಿನ ಮದ್ದಿಗೆ ಮೊಟ್ಟೆಯ ಪರೀಕ್ಷೆ

ಮಲೆನಾಡಿನಲ್ಲಿ ಮಳೆ ಹಿಡಿದರೆ ಆಡು-ಕುರಿಗಳಿಗೆ ಜಂತಿನ ಕಾಟವೂ ಹಿಡಿಯಿತೆಂದೇ ಲೆಕ್ಕ. ಕಣ್ಣಿನ ಒಳರೆಪ್ಪೆ ಬಿಳಿಚಿ, ಗದ್ದದಡಿ ನೀರು ತುಂಬಿದ ಆಡಿಗೆ ಆಲ್ಬೆಂಡಜೋಲ್ ಕುಡಿಸಿಯೂ ಗುಣ ಕಾಣದಿದ್ದರೆ ಮೊದಲು ಅಳತೆ ನೋಡಬೇಕು. ಆಡಿನ ದೇಹ ಈ ಮದ್ದನ್ನು ಬೇಗ ಕರಗಿಸಿಬಿಡುತ್ತದೆ, ಕುರಿಯ ಪ್ರಮಾಣ ಅದಕ್ಕೆ ಸಾಲದು. ಅಳತೆ ಸರಿಯಿದ್ದರೆ ಅನುಮಾನ ಹುಳುವಿನ ಮೇಲೆ: ಅದು ಮದ್ದಿಗೆ ಬಗ್ಗದ ನಿರೋಧಕತೆ ಬೆಳೆಸಿಕೊಂಡಿರಬಹುದು.

ರಕ್ತ ಹೀರುವ ಹೀಮಾಂಕಸ್ ಎಂಬ ಜಂತು ಇರುವುದು ನಾಲ್ಕನೇ ಹೊಟ್ಟೆಯಲ್ಲಿ. ಆಡು ಬದುಕಿರುವಾಗ ಅದು ಕೈಗೆ ಸಿಗದು. ಆದರೆ ಒಂದು ಹೆಣ್ಣುಹುಳು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಅವು ಹಿಕ್ಕೆಯಲ್ಲಿ ಹೊರಬರುತ್ತವೆ. ಆಲ್ಬೆಂಡಜೋಲ್ ಸೇರಿದ ಬೆಂಜಿಮಿಡಜೋಲ್ ಗುಂಪಿನ ಮದ್ದು ಜೀವಕೋಶದ ಬೀಟಾ ಟ್ಯುಬ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಮೊಟ್ಟೆಯೊಳಗಿನ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಆ ಪ್ರೋಟೀನಿನ 200ನೇ ಅಮೈನೋ ಆಮ್ಲ ಬದಲಾಗಿದ್ದರೆ ಮದ್ದಿನಲ್ಲೂ ಮರಿ ಹೊರಬರುತ್ತದೆ. ಪರೀಕ್ಷೆ ನೋಡುವುದು ಇದನ್ನೇ.

ಹಿಕ್ಕೆಯನ್ನು ಗುದದ್ವಾರದಿಂದಲೇ ತೆಗೆಯಬೇಕು. ನೆಲದಿಂದ ಹೆಕ್ಕಿದರೆ ಮಣ್ಣಿನ ಹುಳುಗಳೂ ಸೇರಿಕೊಳ್ಳುತ್ತವೆ. ನೀರಿನಲ್ಲಿ ಕದಡಿ 100 ಮೈಕ್ರಾನ್ ಜರಡಿಯಲ್ಲಿ ಸೋಸಿ, ಕೆಳಗಿನ 25 ಮೈಕ್ರಾನ್ ಜರಡಿಯಲ್ಲಿ ಮೊಟ್ಟೆ ಹಿಡಿಯುವುದು. ಗಟ್ಟಿ ಉಪ್ಪುನೀರಿನಲ್ಲಿ ತೇಲಿಸಿ, ತಡಮಾಡದೆ ತೊಳೆಯುವುದು. 24 ಗುಳಿಯ ಪ್ಲೇಟಿನಲ್ಲಿ ಗುಳಿಗೆ 2 ಮಿ.ಲೀ. ನೀರು, ಸುಮಾರು 100 ಮೊಟ್ಟೆ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಕರಗಿಸಿದ, ಅದೇ ಗುಂಪಿನ ಥಯಾಬೆಂಡಜೋಲ್ ಗುಳಿಗೆ 10 ಮೈಕ್ರೋಲೀಟರ್. ಕೆಲವು ಗುಳಿಗೆ ಬರೀ ಡಿಎಂಎಸ್‌ಒ. 25 ಡಿಗ್ರಿಯಲ್ಲಿ 48 ಗಂಟೆ ಇಟ್ಟು, ಲುಗಾಲ್ ಅಯೋಡಿನ್ ಹನಿ ಬಿಟ್ಟರೆ ಎಲ್ಲವೂ ಕಂದಾಗಿ ನಿಂತುಬಿಡುತ್ತದೆ. ಆಮೇಲೆ ಸೂಕ್ಷ್ಮದರ್ಶಕದಡಿ ಒಡೆಯದ ಮೊಟ್ಟೆ, ಹೊರಬಂದ ಮರಿ ಎರಡನ್ನೂ ಎಣಿಸುವುದು. ಅರ್ಧದಷ್ಟು ಮೊಟ್ಟೆ ತಡೆಯಲು ಮಿ.ಲೀ.ಗೆ 0.1 ಮೈಕ್ರೋಗ್ರಾಂಗಿಂತ ಹೆಚ್ಚು ಮದ್ದು ಬೇಕಾದರೆ ಆ ಹಿಂಡಿನಲ್ಲಿ ನಿರೋಧಕತೆ ಇದೆ. ಮದ್ದಿಲ್ಲದ ಗುಳಿಗಳಲ್ಲೇ ಮೊಟ್ಟೆ ಸರಿಯಾಗಿ ಒಡೆಯದಿದ್ದರೆ ಇಡೀ ಪ್ಲೇಟು ಕಸದಬುಟ್ಟಿಗೆ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಹಿಕ್ಕೆ ಪ್ರಯೋಗಾಲಯಕ್ಕೆ ಬರುವ ದಾರಿಯಲ್ಲೇ. ಬೆಳವಣಿಗೆ ಮುಂದುವರಿದ ಮೊಟ್ಟೆಗೆ ಮದ್ದು ನಾಟದು, ಆಗ ಸಾಧಾರಣ ಹುಳುವೂ ನಿರೋಧಕದಂತೆ ಕಾಣುತ್ತದೆ. ಆದ್ದರಿಂದ ಹಿಕ್ಕೆ ತೆಗೆದ ಮೂರು ಗಂಟೆಯೊಳಗೆ ಮೊಟ್ಟೆ ಮದ್ದಿಗೆ ಬೀಳಬೇಕು. ಹೊಸನಗರದಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವಷ್ಟರಲ್ಲಿ ಆ ಗಡುವಿನ ಬಹುಪಾಲು ಮುಗಿದಿರುತ್ತದೆ. ಫ್ರಿಜ್ಜಿನಲ್ಲಿಡೋಣವೆಂದರೆ ಹೀಮಾಂಕಸ್ ಮೊಟ್ಟೆಗೆ ಚಳಿ ಆಗದು. ಗಾಜಿನ ಗೋಲಿ ಹಾಕಿದ ಬಾಟಲಿಯಲ್ಲಿ ಹಿಕ್ಕೆ ಹಾಕಿ, ಗಾಳಿಗೆ ಎಡೆಯಿಲ್ಲದಂತೆ ಕಂಠಮಟ್ಟ ನೀರು ತುಂಬಿ, ಮುಚ್ಚಿ ಕುಲುಕುವುದೇ ಉಪಾಯ. ಆಮ್ಲಜನಕ ಸಿಗದೆ ಬೆಳವಣಿಗೆ ನಿಲ್ಲುತ್ತದೆ, ಒಂದು ವಾರದವರೆಗೂ ಕಾಯಬಹುದು.

ಬೇರೆ ಗುಂಪಿನ ಜಂತಿನ ಮದ್ದುಗಳಾದ ಐವರ್‌ಮೆಕ್ಟಿನ್, ಲೆವಮಿಸೋಲ್ ಮೇಲಿನ ಅನುಮಾನ ಇದರಿಂದ ತೀರದು. ಅವು ಮೊಟ್ಟೆ ಒಡೆಯುವುದನ್ನು ತಡೆಯುವುದಿಲ್ಲ. ಅವಕ್ಕೆ ಮರಿಯನ್ನು ಮದ್ದಿನಲ್ಲೇ ಮೂರನೇ ಹಂತದವರೆಗೆ ಬೆಳೆಸಿ ನೋಡಬೇಕು, ಸುಮಾರು ಏಳು ದಿನದ ಕೆಲಸ.